ಸಾರ್ಜೆಂಟನ ಮನೆ ಎಷ್ಟು ತೂಗಬೇಕು?

ಅಮೆರಿಕದ ಸೈನ್ಯದಲ್ಲಿ ಸಂಸಾರಸ್ಥನಾದ ಒಬ್ಬ ಸಾರ್ಜೆಂಟನ ಮನೆ 9,000 ಪೌಂಡು ತೂಗಬಹುದು. ನಮ್ಮ ಲೆಕ್ಕದಲ್ಲಿ ಸುಮಾರು 4,080 ಕಿಲೋ. ಅದೇ ಸಾರ್ಜೆಂಟ್ ಒಂಟಿಯಾಗಿದ್ದರೆ 7,000 ಪೌಂಡು. ಆಗತಾನೇ ಸೇರಿದ ಒಂಟಿ ಸಿಪಾಯಿಗೆ 5,000, ಅವನಿಗೆ ಮದುವೆಯಾಗಿದ್ದರೆ 8,000. ಕ್ಯಾಪ್ಟನ್ ಸಾಹೇಬರ ಸಂಸಾರಕ್ಕೆ 14,500. ಕರ್ನಲ್ ಆಗಿಬಿಟ್ಟರೆ ಹೆಂಡತಿ ಮಕ್ಕಳು ಇರಲಿ ಬಿಡಲಿ 18,000; ಅಲ್ಲಿಂದಾಚೆಗೆ ನಾಲ್ಕು ನಕ್ಷತ್ರದ ಜನರಲ್‌ವರೆಗೂ ಅಷ್ಟೇ. ಮನೆ ಎಂದರೆ ಇಲ್ಲಿ ಗೋಡೆ, ಸೂರು ಅಲ್ಲ. ವರ್ಗವಾದಾಗ ಲಾರಿಗೆ ಏರುವ ಮಂಚ, ಹಾಸಿಗೆ, ಬಟ್ಟೆ ಒಗೆಯುವ ಯಂತ್ರ, ಮಕ್ಕಳ ಸೈಕಲ್ಲು, ಪುಸ್ತಕದ ಪೆಟ್ಟಿಗೆ, ಅಜ್ಜಿ ಕೊಟ್ಟ ಕಪಾಟು. ಮಿತಿಯೊಳಗಿನದನ್ನು ಸರ್ಕಾರ ತನ್ನ ಖರ್ಚಿನಲ್ಲಿ ಸಾಗಿಸಿಕೊಡುತ್ತದೆ. ಮಿತಿ ಮೀರಿದ್ದಕ್ಕೆ ತಗಲಿದ ವೆಚ್ಚವನ್ನು ಸಂಬಳದಲ್ಲಿ ಹಿಡಿದುಕೊಳ್ಳುತ್ತದೆ.

ಹಿಡಿದುಕೊಂಡ ಮೇಲೆ ತಕರಾರು ಶುರುವಾಗುತ್ತದೆ. 1996ರವರೆಗೆ ಇಂಥ ತಕರಾರುಗಳು ಕಡೆಗೆ ಹೋಗಿ ನಿಲ್ಲುತ್ತಿದ್ದುದು ಅಲ್ಲಿನ ಸರ್ಕಾರಿ ಲೆಕ್ಕಪತ್ರಗಳ ಮುಖ್ಯಾಧಿಕಾರಿಯಾದ ಕಂಪ್ಟ್ರೋಲರ್ ಜನರಲ್ ಮುಂದೆ. ಆಮೇಲೆ ಈ ಕೆಲಸ ರಕ್ಷಣಾ ಇಲಾಖೆಯದೇ ಆದ ಮೇಲ್ಮನವಿ ಮಂಡಳಿಯ ಪಾಲಿಗೆ ಬಂತು. ಎರಡೂ ಕಡೆಯ ತೀರ್ಮಾನಗಳು ಯಾರಿಗಾದರೂ ಓದಲು ಸಿಗುತ್ತವೆ. ಕೆಲವೇ ಪುಟಗಳ, ಅಲಂಕಾರವಿಲ್ಲದ ಬರಹಗಳು. ನನ್ನ ಪಿಎಚ್‌.ಡಿ. ಅಧ್ಯಯನದ ವಿಷಯ ಪುರಾವೆಯ ಹೊಣೆ: ಇಬ್ಬರ ಮಾತು ಬೇರೆ ಬೇರೆಯಾದಾಗ ಸಾಬೀತು ಮಾಡಬೇಕಾದವರು ಯಾರು, ಸಾಬೀತಾಗದೇ ಹೋದರೆ ನಷ್ಟ ಯಾರ ಪಾಲಿಗೆ ಎಂಬ ಪ್ರಶ್ನೆ. ಕೊಲೆ ದರೋಡೆಗಳ ಮಟ್ಟಿಗೆ ಇದಕ್ಕೆ ದೊಡ್ಡ ದೊಡ್ಡ ಉತ್ತರಗಳಿವೆ. ನನಗೆ ಬೇಕಿದ್ದುದು ಜೈಲು, ನೇಣು ಯಾವುದೂ ಇಲ್ಲದ, ಯಾರ ಮೇಲೂ ಅಪರಾಧ ಹೊರಿಸದ, ಆದರೆ ಒಂದು ಮನೆಯ ಎರಡು ಮೂರು ತಿಂಗಳ ದಿನಸಿಯನ್ನು ಕಸಿಯಬಲ್ಲ ಜಗಳಗಳು. ಬೇಸರದ ಕೆಲಸವೆಂದುಕೊಂಡು ಶುರುಮಾಡಿದವಳು ಬಿಡಲಾರದೆ ಓದುತ್ತ ಹೋದೆ.

ತೂಗುವುದು ಹೇಗೆಂದು ಮೊದಲು ನೋಡಬೇಕು. ಮನೆಯ ಸಾಮಾನನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲ. ಲಾರಿಯನ್ನು ಎರಡು ಸಲ ತೂಗುತ್ತಾರೆ, ಖಾಲಿಯಿದ್ದಾಗ ಒಮ್ಮೆ, ಸಾಮಾನು ತುಂಬಿದ ಮೇಲೆ ಇನ್ನೊಮ್ಮೆ. ಎರಡರ ನಡುವಿನ ವ್ಯತ್ಯಾಸವೇ ಮನೆ. ನಮ್ಮಲ್ಲಿ ಕಬ್ಬಿನ ಲಾರಿಗೆ ಮಾಡುವುದೂ ಇದನ್ನೇ. ವ್ಯತ್ಯಾಸ ನಂಬುವಂತಿರಬೇಕಾದರೆ ಎರಡೂ ಸಲ ಲಾರಿ ಒಂದೇ ಸ್ಥಿತಿಯಲ್ಲಿರಬೇಕು. ಹಾಗಾಗಿ ನಿಯಮಗಳು ಹೇಳುತ್ತವೆ: ಹೊದಿಕೆ, ಹಗ್ಗ, ತಳ್ಳುಗಾಡಿ, ಹಲಗೆ ಎಲ್ಲವೂ ಎರಡೂ ತೂಕದಲ್ಲಿ ಲಾರಿಯ ಮೇಲೇ ಇರಬೇಕು, ಚಾಲಕ ಮತ್ತು ಆಳುಗಳು ಕೆಳಗಿಳಿದಿರಬೇಕು, ಡೀಸೆಲ್ ಟ್ಯಾಂಕು ಎರಡೂ ಸಲ ತುಂಬಿರಬೇಕು, ಇಲ್ಲವೇ ಖಾಲಿ ತೂಕವಾದ ಮೇಲೆ ಡೀಸೆಲ್ ಹಾಕಿಸಿರಬಾರದು. ಯಾವ ನಿಯಮವೂ ಸುಮ್ಮನೆ ಹುಟ್ಟುವುದಿಲ್ಲ. ಅರ್ಧ ಟ್ಯಾಂಕು ಡೀಸೆಲ್ಲು, ಇಬ್ಬರು ಗಟ್ಟಿ ಆಳುಗಳು ಸೇರಿದರೆ ಒಂದು ಊಟದ ಮೇಜು, ಆರು ಕುರ್ಚಿ ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಸಾಗಣೆಯವರಿಗೆ ಹಣ ಸಿಗುವುದು ತೂಕ ಮತ್ತು ದೂರದ ಮೇಲೆ. ಲಾರಿ ಭಾರವಾದಷ್ಟೂ ಅವರಿಗೆ ಲಾಭ.

ಇದನ್ನು ಅರಿತೇ ಮರುತೂಕ ಎಂಬ ಹಕ್ಕನ್ನು ಇಟ್ಟಿದ್ದಾರೆ. ಸಾಮಾನು ಇಳಿಸುವ ಮೊದಲು ಸೈನಿಕ ಕೇಳಿದರೆ ಲಾರಿಯನ್ನು ಮತ್ತೊಮ್ಮೆ ತೂಗಬೇಕು, ಅದಕ್ಕೆ ಅವನು ದುಡ್ಡು ಕೊಡಬೇಕಿಲ್ಲ, ಎರಡರಲ್ಲಿ ಕಡಿಮೆಯದೇ ಲೆಕ್ಕಕ್ಕೆ. ಕಾಗದ, ರಟ್ಟು, ಸುತ್ತಿದ ಬಟ್ಟೆಗಳ ಬಾಬ್ತಿಗೆ ಶೇಕಡಾ ಹತ್ತರಷ್ಟನ್ನು ಕಳೆಯುತ್ತಾರೆ. ತೂಗುವ ಸೌಕರ್ಯವೇ ಇಲ್ಲದ ಕಡೆ ಒಂದು ಘನ ಅಡಿಗೆ ಏಳು ಪೌಂಡು ಎಂದು ಹಿಡಿಯುತ್ತಾರೆ. ಅಲ್ಲಿ ದಿಂಬು ತುಂಬಿದ ಪೆಟ್ಟಿಗೆಗೂ ಪುಸ್ತಕ ತುಂಬಿದ ಪೆಟ್ಟಿಗೆಗೂ ಒಂದೇ ತೂಕ.

ಒಂದು ಲೆಕ್ಕ ಮಾಡಿ ನೋಡೋಣ. ನಮ್ಮ ಸಾರ್ಜೆಂಟನ ತೂಕಚೀಟಿ 11,000 ಪೌಂಡು ತೋರಿಸಿತು ಎಂದಿಟ್ಟುಕೊಳ್ಳಿ. ಹತ್ತನೆಯ ಒಂದು ಪಾಲು ಕಳೆದರೆ 9,900. ಮಿತಿ 9,000, ಹೆಚ್ಚಾದದ್ದು 900. ಹನ್ನೊಂದರಲ್ಲಿ ಒಂದು ಪಾಲು. ಒಟ್ಟು ಸಾಗಣೆಗೆ 11,000 ಡಾಲರ್ ತಗುಲಿದ್ದರೆ ಅವನ ಪಾಲು 1,000 ಡಾಲರ್. ಇಷ್ಟರವರೆಗೆ ಮೂರನೆಯ ತರಗತಿಯ ಗಣಿತ. ಆದರೆ ಈ ಗಣಿತ ನಡೆಯುವುದು ಸಾಮಾನು ಇಳಿದ ದಿನವಲ್ಲ. ಸಾಗಣೆಯವರ ಬಿಲ್ಲು ಹೋಗಿ, ಕಚೇರಿಯಲ್ಲಿ ಪರಿಶೀಲನೆಯಾಗಿ, ಸೈನಿಕನಿಗೆ ಸಾಲದ ಪತ್ರ ಬರುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಆಗ ಅವನು ಮರುತೂಕ ಕೇಳಲಾರ. ಪೆಟ್ಟಿಗೆಗಳನ್ನು ಬಿಚ್ಚಿಯಾಗಿದೆ, ಮಂಚ ಜೋಡಿಸಿಯಾಗಿದೆ, ಪುರಾವೆಯ ಮೇಲೆ ಮಕ್ಕಳು ಮಲಗಿದ್ದಾರೆ. ಹಕ್ಕನ್ನು ಚಲಾಯಿಸಲು ಕಾರಣ ಹುಟ್ಟುವ ಮೊದಲೇ ಹಕ್ಕಿನ ಅವಧಿ ಮುಗಿದಿರುತ್ತದೆ.

ಹಾಗಾಗಿ ಉಳಿಯುವ ವಾದಗಳು ಕೆಲವೇ, ಕಡತದಿಂದ ಕಡತಕ್ಕೆ ಮತ್ತೆ ಮತ್ತೆ ಅವೇ ಬರುತ್ತವೆ. ಹೋದ ಸಲ ವರ್ಗವಾದಾಗ ಇದೇ ಸಾಮಾನು ಇಷ್ಟು ತೂಗಿರಲಿಲ್ಲ, ನಡುವೆ ನಾವೇನೂ ದೊಡ್ಡದು ಕೊಂಡಿಲ್ಲ. ಸಾಗಣೆಯವರೇ ಮನೆಗೆ ಬಂದು ನೋಡಿ ಮಿತಿಯೊಳಗಿದೆ ಎಂದು ಅಂದಾಜು ಹೇಳಿದ್ದರು. ಕೆಲವು ಪೆಟ್ಟಿಗೆಗಳು ದಾರಿಯಲ್ಲೇ ಕಾಣೆಯಾದವು, ತಲುಪದ ಸಾಮಾನಿಗೆ ನಾನೇಕೆ ಕೊಡಲಿ. ಮರುತೂಕ ಬೇಕೆಂದು ಬಾಯಿಬಿಟ್ಟು ಕೇಳಿದ್ದೆ, ಮಾಡಲಿಲ್ಲ. ಇವಕ್ಕೆ ದಶಕಗಳಿಂದ ಬರುತ್ತಿರುವ ಉತ್ತರವೂ ಬಹುಮಟ್ಟಿಗೆ ಒಂದೇ. ತೂಕ ಮೀರಿತೇ, ಎಷ್ಟು ಮೀರಿತು ಎಂಬುದು ಆಡಳಿತ ಕಚೇರಿ ತೀರ್ಮಾನಿಸುವ ಸಂಗತಿ. ಅದು ಸ್ಪಷ್ಟವಾಗಿ ತಪ್ಪೆಂದು ತೋರಿಸುವ ಪುರಾವೆ ಇಲ್ಲದಿದ್ದರೆ ಮೇಲಿನವರು ಕೈಹಾಕುವುದಿಲ್ಲ. ಅಂದಾಜು ಬರೀ ಅಂದಾಜು. ಹಳೆಯ ಸಾಗಣೆಯ ತೂಕ ಹಳೆಯ ಸಾಗಣೆಯ ವಿಷಯವನ್ನಷ್ಟೇ ಹೇಳುತ್ತದೆ. ಮರುತೂಕ ಮಾಡದೇ ಹೋದದ್ದು ಸಾಗಣೆಯವರ ಲೋಪವಿರಬಹುದು, ಆದರೆ ಅದೊಂದರಿಂದ ಮೊದಲ ತೂಕ ಸುಳ್ಳಾಗುವುದಿಲ್ಲ.

ಮೊದಲ ಓದಿಗೆ ಇದು ಕಲ್ಲೆದೆಯ ಮಾತೆನ್ನಿಸುತ್ತದೆ. ಹಾಗೆಂದು ನಾನು ಹೇಳಲಾರೆ. ಎದುರು ಪಕ್ಷಕ್ಕೂ ಕಾರಣಗಳಿವೆ, ಅವು ದುರ್ಬಲವೂ ಅಲ್ಲ. ಸೈನಿಕ ಬಯಸಿದರೆ ಲಾರಿ ಬಾಡಿಗೆಗೆ ಹಿಡಿದು ತಾನೇ ಸಾಮಾನು ಸಾಗಿಸಬಹುದು, ಆಗ ಸರ್ಕಾರ ತೂಕದ ಲೆಕ್ಕದಲ್ಲಿ ಅವನಿಗೇ ಹಣ ಕೊಡುತ್ತದೆ. ಅಲ್ಲಿ ತಕ್ಕಡಿಯ ಆಸೆ ತಿರುಗಿಬಿಡುತ್ತದೆ. ಭಾರವಾದಷ್ಟೂ ಸೈನಿಕನಿಗೆ ಲಾಭ. ಸುಳ್ಳು ತೂಕಚೀಟಿ ಕೊಟ್ಟು ಸಿಕ್ಕಿಬಿದ್ದವರು ಸೇನಾ ನ್ಯಾಯಾಲಯದ ಕಟಕಟೆ ಹತ್ತಿದ ಪ್ರಕರಣಗಳಿವೆ. ಅಂದಮೇಲೆ ಸೈನಿಕ ಸತ್ಯವಂತ, ಲಾರಿಯವನು ಕಳ್ಳ ಎಂಬ ಸುಲಭದ ಕತೆ ನಡೆಯುವುದಿಲ್ಲ. ನಮ್ಮ ಸಾಮಾನು ಅಷ್ಟಿರಲಿಲ್ಲ ಎಂದು ಪ್ರಾಮಾಣಿಕವಾಗಿ ನಂಬುವವರೂ ತಪ್ಪಿರಬಹುದು. ಎರಡು ವರ್ಷದಲ್ಲಿ ಒಂದು ಮನೆ ಎಷ್ಟು ಊದಿಕೊಳ್ಳುತ್ತದೆಂದು ಆ ಮನೆಯವರಿಗೇ ತಿಳಿದಿರುವುದಿಲ್ಲ. ಅಟ್ಟ ಇಳಿಸಿದವರಿಗೆ ಗೊತ್ತು. ಪ್ರತಿಯೊಬ್ಬರ ನೆನಪನ್ನೂ ತೂಕಚೀಟಿಗೆ ಸಮ ಎಂದು ಒಪ್ಪುತ್ತ ಹೋದರೆ ಮಿತಿಗೆ ಅರ್ಥವಿರುವುದಿಲ್ಲ. ಮಿತಿ ಮೀರಿದವನ ಖರ್ಚನ್ನು ತುಂಬುವವರು ಬೇರೆ ತೆರಿಗೆದಾರರು. ಅವರಲ್ಲಿ ಮಿತಿಯೊಳಗೆ ಇರಲೆಂದು ಸೋಫಾವನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದ ಇನ್ನೊಬ್ಬ ಸಾರ್ಜೆಂಟನೂ ಇದ್ದಾನೆ.

ಹೀಗಿದ್ದರೂ ಈ ಉತ್ತರದಲ್ಲಿ ಒಂದು ಕಡೆ ಜಾರುವಿಕೆಯಿದೆ, ನನ್ನ ತಕರಾರು ಇರುವುದು ಅಲ್ಲಿ. ತಕ್ಕಡಿಯನ್ನು ನಾವು ನಂಬುವುದು ಅದಕ್ಕೆ ಯಾರ ಮೇಲೂ ಪ್ರೀತಿ ದ್ವೇಷ ಇಲ್ಲದ ಕಾರಣಕ್ಕೆ. ಆದರೆ ಕಡತಕ್ಕೆ ಬಂದು ಸೇರುವುದು ತಕ್ಕಡಿಯಲ್ಲ, ಚೀಟಿ. ತಕ್ಕಡಿಗೂ ಚೀಟಿಗೂ ನಡುವೆ ಒಬ್ಬ ಮನುಷ್ಯ ಇದ್ದಾನೆ. ಲಾರಿಯನ್ನು ಯಾವಾಗ ಕಾಟಾದ ಮೇಲೆ ನಿಲ್ಲಿಸಬೇಕು, ಟ್ಯಾಂಕು ತುಂಬಿಸಿದ್ದು ಎಲ್ಲಿ, ಒಂದೇ ಲಾರಿಯಲ್ಲಿ ಎರಡು ಮೂರು ಸಂಸಾರಗಳ ಸಾಮಾನಿದ್ದಾಗ ಯಾವುದರ ತೂಕ ಎಲ್ಲಿಗೆ ಮುಗಿಯಿತು, ಇದೆಲ್ಲ ಗೊತ್ತಿರುವವನು ಅವನೊಬ್ಬನೇ. ಆ ಮನುಷ್ಯನಿಗೆ ಆಸೆಯಿದೆ, ಹಸಿವಿದೆ, ಮರೆವಿದೆ. ತಕ್ಕಡಿಯ ನಿಷ್ಪಕ್ಷಪಾತವನ್ನು ನಾವು ಸದ್ದಿಲ್ಲದೆ ಚೀಟಿಗೆ ವರ್ಗಾಯಿಸಿ, ಚೀಟಿಯಿಂದ ಅದನ್ನು ಬರೆಸಿದವನಿಗೆ ವರ್ಗಾಯಿಸುತ್ತೇವೆ. ಸೈನಿಕನ ಮಾತನ್ನು ಸ್ವಾರ್ಥದ ಮಾತೆಂದು ಪಕ್ಕಕ್ಕಿಡುವ ಕೈಯೇ ಚೀಟಿಯ ಹಿಂದಿನ ಸ್ವಾರ್ಥವನ್ನು ಕಾಣುವುದಿಲ್ಲ.

ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಕಿಡಿ ಹೊತ್ತಿದ್ದು ಭೂಮಿ ಯಾರದ್ದು ಎಂಬ ದೊಡ್ಡ ಪ್ರಶ್ನೆಯಿಂದಲ್ಲ, ಗೇಣಿ ಭತ್ತ ಅಳೆಯುವ ಕೊಳಗದಿಂದ. ಕೊಳಗ ಇದ್ದದ್ದು ಒಡೆಯರ ಕೈಯಲ್ಲಿ, ಅದರ ಗಾತ್ರ ಹೇಳುವವರೂ ಅವರೇ. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟಕ್ಕೆ ಲೋಹಿಯಾ ಬಂದರು, ಬಂಧನಕ್ಕೂ ಒಳಗಾದರು. ಉಳುವವನೇ ಹೊಲದೊಡೆಯ ಎಂಬ ಮಾತಿನ ಇತಿಹಾಸ ಹೇಳುವಾಗ ನಾವು ಕಾಗೋಡಿನಿಂದ ಶುರುಮಾಡುತ್ತೇವೆ, ಕೊಳಗವನ್ನು ಮಾತ್ರ ಬೇಗ ದಾಟಿಬಿಡುತ್ತೇವೆ. ನನಗೆ ಕೊಳಗವೇ ಮುಖ್ಯವೆನ್ನಿಸುತ್ತದೆ. ಗೇಣಿ ಇಷ್ಟು ಕೊಳಗ ಎಂಬುದನ್ನು ಆ ರೈತರು ಒಪ್ಪಿಕೊಂಡೇ ಬಂದಿದ್ದರು. ಒಪ್ಪದೇ ಇದ್ದದ್ದು, ಅಳೆಯುವವನೂ ಪಡೆಯುವವನೂ ಒಬ್ಬನೇ ಆಗಿ, ಅನುಮಾನ ಬಂದಾಗ ಸಾಬೀತು ಮಾಡುವ ಹೊಣೆ ಮಾತ್ರ ಕೊಡುವವನ ತಲೆಗೆ ಬರುವುದನ್ನು. ಅಮೆರಿಕದ ಸೈನಿಕನ ಸ್ಥಿತಿಗೂ ಗೇಣಿದಾರನ ಸ್ಥಿತಿಗೂ ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ, ಮುಂದಕ್ಕೆ ಎಳೆದರೆ ಗೇಣಿದಾರನಿಗೆ ಅನ್ಯಾಯ ಮಾಡಿದಂತೆ.

ಸೈನಿಕನ ವಿಷಯದಲ್ಲಿ ಇನ್ನೊಂದು ಎಳೆಯಿದೆ. ವಿಮಾನದಲ್ಲಿ ಹೆಚ್ಚಿನ ಲಗೇಜಿಗೆ ದುಡ್ಡು ಕೇಳಿದರೆ ಗೊಣಗುತ್ತೇವೆ, ಆದರೆ ಅನ್ಯಾಯವೆನ್ನುವುದಿಲ್ಲ. ಪ್ರಯಾಣ ನಮ್ಮ ಆಯ್ಕೆ, ಉಪ್ಪಿನಕಾಯಿ ಜಾಡಿಯೂ ನಮ್ಮ ಆಯ್ಕೆ. ಹೆಚ್ಚುವರಿ ಎಂಬ ಪದದಲ್ಲೇ ಈ ಆಯ್ಕೆಯ ವಾಸನೆಯಿದೆ: ಬೇಕೆಂದು ತಂದವನು ಕೊಡಲಿ. ಸೈನಿಕ ಹೊರಟಿರುವುದು ಹುಕುಮಿನ ಮೇಲೆ. ಎರಡು ಮೂರು ವರ್ಷಕ್ಕೊಮ್ಮೆ ಕರೆ ಬರುತ್ತದೆ, ಟೆಕ್ಸಸ್ಸಿನಿಂದ ಜರ್ಮನಿಗೆ, ಜರ್ಮನಿಯಿಂದ ಹವಾಯಿಗೆ. ಒಂದೇ ಊರಲ್ಲಿ ಇಪ್ಪತ್ತು ವರ್ಷ ಬದುಕಿದವನ ಮನೆಗೆ ತೂಕವೇ ಇರುವುದಿಲ್ಲ, ಯಾರೂ ತೂಗದ ಕಾರಣ. ತೊಟ್ಟಿಲು, ಹೊಲಿಗೆ ಯಂತ್ರ, ಮಗ ಬಿಟ್ಟುಹೋದ ಗಿಟಾರು ಅವನ ಮನೆಯಲ್ಲಿ ಸುಮ್ಮನೆ ಇರುತ್ತವೆ. ಅವೇ ವಸ್ತುಗಳು ಸೈನಿಕನ ಮನೆಯಲ್ಲಿ ಪ್ರತಿ ಎರಡು ವರ್ಷಕ್ಕೊಮ್ಮೆ ತಾವು ಇರಲು ಯೋಗ್ಯವೇ ಎಂದು ಉತ್ತರ ಕೊಡಬೇಕು. ಹಳೆಯ ರೋಮನ್ನರ ಲ್ಯಾಟಿನ್ ಭಾಷೆಯಲ್ಲಿ ಸೈನ್ಯದ ಗಂಟುಮೂಟೆಗೆ ಇಂಪೆಡಿಮೆಂಟ ಎನ್ನುತ್ತಿದ್ದರು, ಕಾಲಿಗೆ ತೊಡರುವಂಥವು ಎಂಬ ಅರ್ಥದಲ್ಲಿ. ದಂಡನಾಯಕನ ಕಣ್ಣಿಗೆ ಅದು ಸರಿ. ತೊಡರು ಎನ್ನುವುದನ್ನು ಮನೆಯೊಳಗಿನಿಂದ ನೋಡಿದರೆ ಬದುಕು ಎಂದು ಕಾಣುತ್ತದೆ.

ಆಯ್ಕೆಯಿಲ್ಲ ಎಂದಮೇಲೆ ಅಗತ್ಯ ಎಷ್ಟೆಂದು ಕೇಳಬೇಕು. ಮಿತಿಯ ಪಟ್ಟಿ ಕೇಳುವುದು ಅದನ್ನಲ್ಲ. ಅದರಲ್ಲಿ ಎರಡೇ ಕಾಲಂ, ಆಶ್ರಿತರು ಇದ್ದಾರೆ, ಆಶ್ರಿತರು ಇಲ್ಲ. ಬರೀ ಹೆಂಡತಿಯೋ ಗಂಡನೋ ಇದ್ದರೂ ಇದ್ದಾರೆ, ಐದು ಮಕ್ಕಳಿದ್ದರೂ ಇದ್ದಾರೆ. ಐದು ಮಕ್ಕಳ ಸಾರ್ಜೆಂಟನಿಗೆ 9,000 ಪೌಂಡು, ಒಂಟಿ ಕರ್ನಲ್‌ಗೆ ಅದರ ಎರಡರಷ್ಟು. ಮಗು ಹುಟ್ಟಿದರೆ ಮನೆ ಭಾರವಾಗುತ್ತದೆ, ಭುಜದ ಪಟ್ಟಿಗೆ ಒಂದು ಗೆರೆ ಬಂದರೆ ಭಾರವಾಗುವುದಿಲ್ಲ. ಸ್ಥಾನಕ್ಕೆ ತಕ್ಕ ಸಂಬಳ ಎಂಬುದನ್ನು ನಾನು ಒಪ್ಪಬಲ್ಲೆ, ಅದಕ್ಕೆ ಹೊಣೆ, ಅನುಭವ ಎಂದು ಕಾರಣ ಕೊಡಬಹುದು. ಆದರೆ ಸಾಗಣೆ ಸಂಬಳವಲ್ಲ. ಅದು ಸರ್ಕಾರ ತಾನೇ ಕೊಟ್ಟ ಹುಕುಮಿನಿಂದ ಆದ ಖರ್ಚನ್ನು ತಾನೇ ತುಂಬಿಕೊಡುವುದು. ನಷ್ಟ ತುಂಬುವಾಗ ನೋಡಬೇಕಾದದ್ದು ನಷ್ಟವನ್ನು, ನಷ್ಟ ಹೊಂದಿದವನ ದರ್ಜೆಯನ್ನಲ್ಲ. ಹಿರಿಯ ಅಧಿಕಾರಿ ವಯಸ್ಸಿನಲ್ಲೂ ಹಿರಿಯ, ಸಹಜವಾಗಿ ಅವನ ಮನೆಯಲ್ಲಿ ಸಾಮಾನು ಹೆಚ್ಚು ಎಂಬ ಸಮರ್ಥನೆ ಉಂಟು. ಇಪ್ಪತ್ತು ವರ್ಷ ಸೇವೆ ಮಾಡಿದ ಹವಾಲ್ದಾರನ ಎದುರು ಅದು ನಿಲ್ಲುವುದಿಲ್ಲ.

ಇದು ಅಮೆರಿಕದ್ದೊಂದೇ ರೋಗವಲ್ಲ. ನಮ್ಮ ಕೇಂದ್ರ ಸರ್ಕಾರಿ ನೌಕರರ ವರ್ಗಾವಣೆಗೆ 2017ರಲ್ಲಿ ಹೊರಟ ಆದೇಶದ ಪ್ರಕಾರ ವೇತನ ಶ್ರೇಣಿ 6 ಮತ್ತು ಅದರ ಮೇಲಿನವರಿಗೆ 6,000 ಕಿಲೋ, 5ನೆಯ ಶ್ರೇಣಿಗೆ 3,000, ಅದರ ಕೆಳಗಿನವರಿಗೆ 1,500. ಅಮೆರಿಕದ ಪಟ್ಟಿಯಲ್ಲಿ ಮಕ್ಕಳಿಗೆ ಅರ್ಧ ಕಣ್ಣಾದರೂ ಇದೆ, ನಮ್ಮದರಲ್ಲಿ ಅದೂ ಇಲ್ಲ. ಫೌಜಿನ ಮನೆಗಳಲ್ಲಿ ಈಗಲೂ ಕಾಣುವ ಕಪ್ಪು ಬಣ್ಣದ ಕಬ್ಬಿಣದ ಟ್ರಂಕು, ಅದರ ಮೇಲೆ ಬಿಳಿ ಅಕ್ಷರದಲ್ಲಿ ಬರೆದ ಹೆಸರು, ರ‍್ಯಾಂಕು, ನಂಬರು ನೆನಪಾಗುತ್ತದೆ. ಟ್ರಂಕಿನ ಗಾತ್ರ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ.

ಪಟ್ಟಿಗೆ ವಿನಾಯಿತಿಗಳೇ ಇಲ್ಲವೆಂದಲ್ಲ. ಸೈನಿಕನಿಗಾಗಲೀ ಮನೆಯವರಿಗಾಗಲೀ ಬೇಕೇಬೇಕಾದ ವೈದ್ಯಕೀಯ ಉಪಕರಣವನ್ನು ಮಿತಿಯಲ್ಲಿ ಹಿಡಿಯುವುದಿಲ್ಲ. ವೃತ್ತಿಗೆ ಬೇಕಾದ ಪುಸ್ತಕ, ಕಾಗದಪತ್ರ, ಸಲಕರಣೆಗಳನ್ನೂ ಬೇರೆಯಾಗಿಯೇ ತೂಗುತ್ತಾರೆ. 2014ರಿಂದ ಇದಕ್ಕೆ 2,000 ಪೌಂಡಿನ ಮಿತಿಯಿದೆ, ಸಂಗಾತಿಯ ವೃತ್ತಿಗೆ 500. ಬ್ಯಾಂಡಿನವನ ಸಮವಸ್ತ್ರ, ಪಾದ್ರಿಯ ನಿಲುವಂಗಿ, ಮೆಕ್ಯಾನಿಕ್‌ನ ಸ್ಪ್ಯಾನರುಗಳು ಇದರಲ್ಲಿ ಬರುತ್ತವೆ. ಷರತ್ತು ಒಂದೇ. ಸಾಮಾನು ಕಟ್ಟುವ ದಿನವೇ ಹೇಳಿ, ಪಟ್ಟಿಯಲ್ಲಿ ಬರೆಸಿ, ಬೇರೆಯಾಗಿ ತೂಗಿಸಬೇಕು. ಬರೆಸದೆ ಆಮೇಲೆ ನೆನಪು ಮಾಡಿಕೊಂಡರೆ ಅವು ವೃತ್ತಿಯ ಪುಸ್ತಕಗಳಲ್ಲ, ಬರೀ ಭಾರ. ಇನ್ನೊಂದು ಸೂಕ್ಷ್ಮವಿದೆ. ಸೇವೆಯನ್ನು ಮೆಚ್ಚಿ ಕೊಟ್ಟ ಫಲಕಗಳು, ಬೀಳ್ಕೊಡುಗೆಯ ಕಾಣಿಕೆಗಳು ವೃತ್ತಿಯ ಸಾಮಾನಲ್ಲವೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಹಿತ್ತಾಳೆಯ ತಗಡು ಬಡಿದ ಮರದ ಫಲಕ, ಅದರಲ್ಲಿ ಅವನ ಹೆಸರು, ರಾಷ್ಟ್ರದ ಕೃತಜ್ಞತೆ. ಅದರ ತೂಕ ಅವನ ಮಿತಿಯಲ್ಲೇ ಹೋಗಬೇಕು. ತಾರ್ಕಿಕವಾಗಿ ಇದು ಸರಿಯೇ, ಫಲಕವಿಲ್ಲದೆಯೂ ಮುಂದಿನ ಊರಲ್ಲಿ ಕೆಲಸ ನಡೆಯುತ್ತದೆ. ಆದರೂ ಓದುವಾಗ ನಗು ಬಂತು, ನಗು ಪೂರ್ತಿಯಾಗಲಿಲ್ಲ.

ಹೇಳಿಯೇ ಇರಲಿಲ್ಲ, ಕಚೇರಿಯವರೇ ತಪ್ಪು ಹೇಳಿದ್ದರು ಎಂಬ ದೂರು ಕಡತಗಳಲ್ಲಿ ಸಾಕಷ್ಟಿದೆ. ಸಾಗಣೆ ಕಚೇರಿಯ ಗುಮಾಸ್ತರು ನಿಮ್ಮ ಮಿತಿ ಇಷ್ಟು ಎಂದು ಹೆಚ್ಚಿಗೆ ಹೇಳಿದ್ದರು, ಅದನ್ನು ನಂಬಿ ತುಂಬಿಸಿದೆ. ಇಲ್ಲಿ ಕಾನೂನು ಕಟ್ಟುನಿಟ್ಟು: ಸರ್ಕಾರಿ ನೌಕರ ತಪ್ಪು ಮಾಹಿತಿ ಕೊಟ್ಟ ಮಾತ್ರಕ್ಕೆ ಕಾನೂನು ಕೊಡದ ಹಣವನ್ನು ಖಜಾನೆ ಕೊಡಬೇಕಾಗಿಲ್ಲ. 1990ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರಿಚ್‌ಮಂಡ್ ಎಂಬವರ ಪ್ರಕರಣದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ನೌಕಾಪಡೆಯ ಕೆಲಸದಲ್ಲಿ ಬೆಸುಗೆಗಾರನಾಗಿದ್ದು ಅಂಗವೈಕಲ್ಯದ ಪಿಂಚಣಿ ಪಡೆಯುತ್ತಿದ್ದ ಆ ಮನುಷ್ಯ ಶಾಲೆಯ ಬಸ್ಸು ಓಡಿಸುತ್ತಿದ್ದ. ಎಷ್ಟರವರೆಗೆ ದುಡಿದರೆ ಪಿಂಚಣಿ ನಿಲ್ಲುವುದಿಲ್ಲವೆಂದು ಕಚೇರಿಗೆ ಹೋಗಿ ಕೇಳಿದ. ಅವರು ಹಳೆಯ ನಿಯಮವನ್ನು ಹೇಳಿದರು. ನಂಬಿ ದುಡಿದ, ಆರು ತಿಂಗಳ ಪಿಂಚಣಿ ಹೋಯಿತು. ಸಂವಿಧಾನದ ಪ್ರಕಾರ ಖಜಾನೆಯ ಬೀಗ ತೆಗೆಯುವುದು ಶಾಸನ ಮಾತ್ರ, ಗುಮಾಸ್ತನ ನಾಲಿಗೆಯಲ್ಲ ಎಂಬುದು ತೀರ್ಪಿನ ಸಾರ. ಅದನ್ನು ಅಲ್ಲಗಳೆಯುವುದು ಕಷ್ಟ. ಗುಮಾಸ್ತನ ಮಾತಿಗೆ ಹಣ ಹೊರಬೀಳುವ ದೇಶದಲ್ಲಿ ಏನೇನು ನಡೆಯುತ್ತದೆಂದು ನಮಗೆ ಗೊತ್ತು. ಆದರೆ ಪರಿಣಾಮವನ್ನೂ ನೋಡಿ. ಸರ್ಕಾರದ ಮಾತು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ, ಸೈನಿಕನ ಮಾತು ಪುರಾವೆಯಾಗುವುದಿಲ್ಲ. ಇಬ್ಬರ ಮಾತೂ ಹಗುರ, ಒಬ್ಬನಿಗೆ ಮಾತ್ರ ಭಾರ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಒಂದು ಸೀಸದ ಅಳತೆಪಟ್ಟಿಯ ಮಾತು ತರುತ್ತಾನೆ. ಲೆಸ್ಬೋಸಿನ ಕಟ್ಟಡದವರು ಬಳಸುತ್ತಿದ್ದ ಆ ಪಟ್ಟಿ ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುತ್ತಿತ್ತು. ಸಾಮಾನ್ಯ ನಿಯಮ ಮುಟ್ಟಲಾಗದ ಕಡೆ ಇಂಥ ಅಳತೆ ಬೇಕು ಎಂಬುದು ಅವನ ಅಭಿಪ್ರಾಯ. ಸೈನ್ಯದ ಕಾನೂನಿನಲ್ಲೂ ಒಂದು ತುಂಡು ಸೀಸ ಉಂಟು. ಮಿತಿಯಿಂದ ಸೈನಿಕನ ಸಂಸಾರಕ್ಕೆ ದೊಡ್ಡ ಕಷ್ಟವಾಗುವುದಾದರೆ ಮೇಲಿನವರು ಅವನ ಮಿತಿಯನ್ನು 18,000ದವರೆಗೂ ಏರಿಸಬಹುದು. ಕೇಳಬೇಕಾದದ್ದು ಮೊದಲೇ. ತೂಕ ಮೀರೀತೆಂದು ಮೊದಲೇ ತಿಳಿದವನಿಗೆ, ತಿಳಿದು ಅರ್ಜಿ ಬರೆಯಬಲ್ಲವನಿಗೆ ಇದು ಸಿಗುತ್ತದೆ. ಆಶ್ಚರ್ಯವಾಗಿ ತಲೆಯ ಮೇಲೆ ಬಿದ್ದ ತೂಕಕ್ಕೆ ಪಟ್ಟಿ ಮತ್ತೆ ಕಬ್ಬಿಣ.

ನನಗೆ ಬಾಗುವ ಪಟ್ಟಿಯ ಮೇಲೆ ಅಷ್ಟು ನಂಬಿಕೆಯಿಲ್ಲ. ಬಾಗುವುದು ಯಾರ ಕಡೆಗೆ ಎಂಬುದು ಮತ್ತೆ ದರ್ಜೆಯ ಮೇಲೇ ನಿಲ್ಲುತ್ತದೆ. ಮಿತಿ ಬಿಗಿಯಾಗಿರಲಿ, ಬೇಕಿದ್ದರೆ ಇನ್ನೂ ಬಿಗಿಯಾಗಲಿ. ಬದಲಾಗಬೇಕಾದದ್ದು ಅನುಮಾನ ಯಾರ ಖಾತೆಗೆ ಹೋಗಬೇಕೆಂಬುದು. ಒಂದು ಸತ್ಯ ತಿಳಿಯದೇ ಹೋದಾಗ ಅದನ್ನು ಅಗ್ಗದಲ್ಲಿ, ಸುಲಭದಲ್ಲಿ ಉಳಿಸಿಡಬಹುದಾಗಿದ್ದವರು ಯಾರು ಎಂದು ಕೇಳಿ, ತಿಳಿಯದಿರುವಿಕೆಯ ಬೆಲೆಯನ್ನು ಅವರಿಂದ ಪಡೆಯುವುದು ನ್ಯಾಯ. ಲಾರಿಯನ್ನು ಮತ್ತೊಮ್ಮೆ ಕಾಟಾದ ಮೇಲೆ ನಿಲ್ಲಿಸಲು ಸಾಗಣೆಯವರಿಗೆ ಅರ್ಧ ಗಂಟೆ ಸಾಕು. ಇಳಿದ ಸಾಮಾನನ್ನು ಮತ್ತೆ ಕಟ್ಟಿ, ಲಾರಿ ತರಿಸಿ, ತುಂಬಿಸಿ ತೂಗಲು ಸೈನಿಕನಿಗೆ ಒಂದು ವರ್ಗಾವಣೆಯೇ ಬೇಕು. ಮರುತೂಕ ಕೇಳಿದ್ದು ದಾಖಲಾಗಿದ್ದು, ಮಾಡದೇ ಇದ್ದಿದ್ದರೆ, ಮೊದಲ ಚೀಟಿ ಸರಿಯೆಂದು ತೋರಿಸುವ ಕೆಲಸ ಅದನ್ನು ಕೊಟ್ಟವರದಾಗಲಿ, ತೋರಿಸಲಾಗದಿದ್ದರೆ ಹೆಚ್ಚುವರಿಯ ಹಣವನ್ನು ಖಜಾನೆಯೂ ಕೊಡದಿರಲಿ, ಸೈನಿಕನೂ ಕೊಡದಿರಲಿ. ಇದರಿಂದ ಕೆಲವು ಸುಳ್ಳುಗಾರರು ಪಾರಾದಾರು. ಈಗಿನ ಕ್ರಮದಲ್ಲೂ ಸುಳ್ಳುಗಾರರು ಪಾರಾಗುತ್ತಲೇ ಇದ್ದಾರೆ, ಅವರು ಬೇರೆ ಕಡೆಯವರು, ಅಷ್ಟೇ. ನಮ್ಮ ಲೆಕ್ಕದ ಸಾರ್ಜೆಂಟ್ ಕಳೆದುಕೊಳ್ಳುವುದು 1,000 ಡಾಲರ್, ಸಾಗಣೆಯ ಕಂಪನಿಗೆ ಅದು ಒಂದು ಲಾರಿಯ ಒಂದು ದಿನದ ಮಾತು.

ಅಲ್ಲಿಯವರೆಗೆ ಸೈನಿಕರ ಮನೆಗಳಲ್ಲಿ ಒಬ್ಬರಿಗೊಬ್ಬರು ಹೇಳಿಕೊಡುವ ಪಾಠಗಳಿವೆ. ಕೋಣೆಗೆ 1,000 ಪೌಂಡಿನಂತೆ ಹಿಡಿ, ಬಚ್ಚಲುಮನೆ ಬಿಡು, ಫ್ರಿಜ್ಜು, ಒಗೆಯುವ ಯಂತ್ರ, ಷೆಡ್ಡಿನ ಸಾಮಾನು ಬೇರೆ ಸೇರಿಸು. ಹಳೆಯ ತೂಕಚೀಟಿ ಎಸೆಯಬೇಡ. ಮರುತೂಕವನ್ನು ಬಾಯಲ್ಲಿ ಕೇಳಬೇಡ, ಬರೆದು ಕೇಳು. ವರ್ಗಾವಣೆಗಳು ಹೆಚ್ಚಾಗಿ ನಡೆಯುವುದು ಮೇ ತಿಂಗಳಿನಿಂದ ಆಗಸ್ಟಿನವರೆಗೆ, ಮಕ್ಕಳ ಶಾಲೆಗೆ ರಜೆಯಿರುವಾಗ. ಆ ದಿನಗಳಲ್ಲಿ ಸೇನಾನೆಲೆಗಳ ವಸತಿಯ ಬೀದಿಗಳಲ್ಲಿ ಮನೆಮುಂದಿನ ಹುಲ್ಲಿನ ಮೇಲೆ ಸಾಮಾನು ಹರಡಿ ಮಾರುತ್ತಾರೆ. ಪುಸ್ತಕದ ಕಪಾಟು, ಮರದ ತೊಟ್ಟಿಲು, ಭಾರದ ಊಟದ ಮೇಜು. ಕೊಳ್ಳಲು ಬರುವವರು ಆ ವಾರವಷ್ಟೇ ಎದುರು ಮನೆಗೆ ಬಂದಿಳಿದವರು, ಅವರ ಮಿತಿಯೂ ಅದೇ 9,000.